ಸುಟ್ಟ ರೀಲನ್ನೂ ಎಸೆಯದವರು

ಈಗ ಸಿಗುವ ‘ಪಥೇರ್ ಪಾಂಚಾಲಿ’ ನೋಡಿದವರು ಹೇಳೋ ಮೊದಲ ಮಾತು: 1955ರ ಸಿನಿಮಾ, ಎಷ್ಟು ಕ್ಲೀನಾಗಿದೆ! ಆ ಕ್ಲೀನಿನ ಹಿಂದೆ ಒಂದು ಬೆಂಕಿ ಇದೆ.

1992ರಲ್ಲಿ ಸತ್ಯಜಿತ್ ರಾಯ್‌ಗೆ ಗೌರವ ಆಸ್ಕರ್ ಬಂತು. ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಲ್ಲೇ ಅದನ್ನು ಸ್ವೀಕರಿಸಿದರು, ಕೆಲವೇ ವಾರಗಳಲ್ಲಿ ತೀರಿಕೊಂಡರು. ಸಮಾರಂಭದಲ್ಲಿ ತೋರಿಸೋಣ ಅಂತ ಅವರ ಚಿತ್ರಗಳ ತುಣುಕು ಹುಡುಕಿದರೆ, ಒಳ್ಳೆ ಪ್ರಿಂಟ್ ಸಿಗೋದೇ ಕಷ್ಟವಾಗಿತ್ತು. ಸರಿ, ರಿಪೇರಿ ಮಾಡಿಸೋಣ ಅಂತ ಮೂಲ ನೆಗೆಟಿವ್‌ಗಳನ್ನು ಲಂಡನ್ನಿನ ಹೆಂಡರ್ಸನ್ ಲ್ಯಾಬಿಗೆ ಕಳಿಸಲಾಯಿತು. 1993ರ ಜುಲೈನಲ್ಲಿ ಆ ಲ್ಯಾಬಿಗೇ ಬೆಂಕಿ ಬಿತ್ತು. ಅಪು ತ್ರಿವಳಿಯ ನೆಗೆಟಿವ್‌ಗಳೂ ಬೆಂಕಿಗೆ ಸಿಕ್ಕವು. ಉಳಿಸೋಕೆ ಹೋಗಿಯೇ ಕಳಕೊಂಡ ಹಾಗೆ.

ಕರಕಲಾದ, ಸೊಟ್ಟಗಾದ ಆ ಸುರುಳಿಗಳಿಂದ ಆಗಿನ ತಂತ್ರಜ್ಞಾನದಲ್ಲಿ ಏನೂ ತೆಗೆಯುವಂತಿರಲಿಲ್ಲ. ಆದರೂ ಅಮೆರಿಕದ ಅಕಾಡೆಮಿ ಆರ್ಕೈವ್ ಅವನ್ನು ತರಿಸಿಕೊಂಡು ಡಬ್ಬಿಗಳಲ್ಲಿ ಇಟ್ಟಿತು. ಇಡೀ ಕತೆಯಲ್ಲಿ ನನಗೆ ದೊಡ್ಡದು ಅನ್ನಿಸೋದು ಇದೇ. ಉಪಯೋಗವಿಲ್ಲದ್ದನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳಬೇಕಾದರೆ, ಬಾಡಿಗೆ ಮನೆ ಬದಲಿಸಿದವರಿಗೆ ಗೊತ್ತು, ಸ್ವಲ್ಪ ಹುಚ್ಚೂ ಬೇಕು.

2013ರಲ್ಲಿ ಕ್ರೈಟೀರಿಯನ್ ಕಂಪನಿ ಆ ಡಬ್ಬಿಗಳನ್ನು ತೆರೆಸಿತು. ರೀಲುಗಳು ಇಟಲಿಯ ಬೊಲೋನ್ಯಾದ ಲ್ಯಾಬಿಗೆ ಹೋದವು. ಒಣಗಿ ಪುಡಿಯಾಗುತ್ತಿದ್ದ ಫಿಲ್ಮಿಗೆ ಮತ್ತೆ ತೇವಾಂಶ ಕೊಟ್ಟರು, ಕರಗಿ ಅಂಟಿದ್ದ ಟೇಪು, ಮೇಣ ಕೆರೆದರು, ಹರಿದ ಅಂಚಿನ ತೂತುಗಳನ್ನು ಮತ್ತೆ ಕಟ್ಟಿದರು. ಎಲ್ಲವೂ ಕೈಯಲ್ಲೇ, ಸುಮಾರು ಸಾವಿರ ಗಂಟೆ. ಆಮೇಲೆ 4ಕೆ ಸ್ಕ್ಯಾನ್. ‘ಪಥೇರ್ ಪಾಂಚಾಲಿ’ಯ ನೆಗೆಟಿವ್‌ನಲ್ಲಿ ಶೇ. 40ರಷ್ಟು, ‘ಅಪರಾಜಿತೊ’ದಲ್ಲಿ ಶೇ. 60ಕ್ಕೂ ಹೆಚ್ಚು ಬಳಕೆಗೆ ಬಂತು. ‘ಅಪುರ್ ಸಂಸಾರ್’ ನೆಗೆಟಿವ್ ದಕ್ಕಲಿಲ್ಲ. ಬಾಕಿಯನ್ನೆಲ್ಲ ಬೇರೆ ಬೇರೆ ಆರ್ಕೈವ್‌ಗಳಲ್ಲಿದ್ದ ನಕಲುಗಳಿಂದ ತುಂಬಿಸಿದರು. 2015ರ ಮೇನಲ್ಲಿ ನ್ಯೂಯಾರ್ಕ್‌ನಲ್ಲಿ ಅಪು ಮತ್ತೆ ತೆರೆಗೆ ಬಂದ.

ಅದೇ ಬೊಲೋನ್ಯಾ ಲ್ಯಾಬಿನಲ್ಲಿ ನಮ್ಮ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ರಿಪೇರಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರ ನೆಗೆಟಿವ್ ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿ ಇತ್ತು, ಹಾಗಾಗಿ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ಕ್ಕೆ ಆ ಅದೃಷ್ಟ ಇಲ್ಲ. ಹಳೇ ರೀಲುಗಳನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿ ಮಾರುತ್ತಿದ್ದ ಕಾಲ ಅದು. ಕರಕಲಾದ ಒಂದು ಡಬ್ಬಿಯಾದರೂ ಇದ್ದಿದ್ದರೆ ಬೊಲೋನ್ಯಾಗೆ ಕಳಿಸಬಹುದಿತ್ತು.