ಮೈಸೂರಿನ ಕಾವಲುಗಳು ಮತ್ತು ಹುಲ್ಲಿನ ವಿಶ್ರಾಂತಿ

ಹಳೆಯ ಮೈಸೂರು ಸೀಮೆಯಲ್ಲಿ ಮೀಸಲು ಹುಲ್ಲುಗಾವಲಿಗೆ 'ಕಾವಲು' ಎಂದು ಹೆಸರು. ಅಲ್ಲಿ ಕಾಯಬೇಕಾದುದು ದನವನ್ನಷ್ಟೇ ಅಲ್ಲ, ಹುಲ್ಲನ್ನು ಸಹ ಎಂಬುದನ್ನು ಅಮೃತಮಹಲಿನ ಚರಿತ್ರೆ ತೋರಿಸುತ್ತದೆ.

ಚಿಕ್ಕದೇವರಾಜ ಒಡೆಯರ (1673–1704) 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎನಿಸಿತು. ಸೈನ್ಯದ ಎತ್ತುಗಳ ತಳಿಗಾಗಿ ಮೀಸಲಾದ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ಕೆರೆಯಂಗಳವೂ ನೆರಳೂ ಉಳ್ಳವು ಬೇಸಗೆಗೆ ಸಲ್ಲುತ್ತಿದ್ದವು. ಮಂದೆ ಒಂದೆಡೆ ಮೇಯುತ್ತಿರುವಾಗ ಉಳಿದೆಡೆ ಹುಲ್ಲು ವಿಶ್ರಮಿಸುತ್ತಿತ್ತು.

ಈ ವಿಶ್ರಾಂತಿಯೇ ಹುಲ್ಲುಗಾವಲಿನ ಪುನರುಜ್ಜೀವನದ ಮೂಲ. ಬಹುವಾರ್ಷಿಕ ಹುಲ್ಲು ಎಲೆಯಿಂದ ಗಳಿಸಿದುದನ್ನು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ಚಿಗುರನ್ನು ಮತ್ತೆ ಮತ್ತೆ ಮೇಯಿಸಿದರೆ ಆ ಗಂಟು ಕರಗಿ, ನೆಲ ಬತ್ತಲಾಗಿ, ಮಳೆನೀರು ಇಂಗದೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೀಜ ಬಲಿತು ಉದುರುವವರೆಗೆ ಮೇಯಿಸದೆ ಬಿಟ್ಟರೆ, ಬುಡ ಉಳಿದಿರುವ ನೆಲ ಬಹುಮಟ್ಟಿಗೆ ತಾನೇ ಚೇತರಿಸಿಕೊಳ್ಳುತ್ತದೆ. ಬುಡವೇ ಅಳಿದಲ್ಲಿ ಒಡ್ಡು ಕಟ್ಟಿ, ಹುಲ್ಲನ್ನು ಹೊಸದಾಗಿ ಬಿತ್ತಬೇಕಾಗುತ್ತದೆ.

1799ರ ನಂತರ ಬ್ರಿಟಿಷರ ಕೈಸೇರಿದ ಮಂದೆಗಳನ್ನು 1860ರಲ್ಲಿ ಮಿತವ್ಯಯದ ದೃಷ್ಟಿಯಿಂದ ಮಾರಲಾಯಿತು. 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಮಂದೆಯನ್ನು ಹೀಗೆ ಮರಳಿ ಪಡೆಯಬಹುದು. ಕಳೆದ ಕಾವಲನ್ನು ಪಡೆಯುವುದು ದುಸ್ಸಾಧ್ಯ. ಇಪ್ಪತ್ತನೆಯ ಶತಮಾನದಲ್ಲಿ ಕಾವಲುಗಳ ಬಹುಭಾಗ ಸಾಗುವಳಿಗೂ ಇತರ ಕಾರ್ಯಗಳಿಗೂ ಹೋಯಿತು. ಚಳ್ಳಕೆರೆಯ ಬಳಿಯ ವಿಶಾಲ ಕಾವಲು ಈ ಶತಮಾನದಲ್ಲಿ ಸಂಶೋಧನ ಸಂಸ್ಥೆಗಳ ಪಾಲಾಯಿತು. ಮೂರು ಋತುಗಳ ಕಾವಲುಗಳಲ್ಲಿ ಒಂದು ತಪ್ಪಿದರೂ ಉಳಿದೆರಡಕ್ಕೆ ವಿಶ್ರಾಂತಿ ತಪ್ಪುತ್ತದೆ. ಆದುದರಿಂದ ಉಳಿದ ತುಂಡುಗಳಿಗೆ ಬೇಲಿ ಹಾಕಿ ಬೀಜ ಚೆಲ್ಲಿದರಷ್ಟೇ ಸಾಲದು. ಋತುಮಾನದ ಆ ಸರದಿಯನ್ನೇ ಮರಳಿ ಕಟ್ಟಬೇಕು.