ಸಾಲ್ ದುಂಬಿ, ತೇಗದ ಪತಂಗ: ಎರಡು ಬಾಧೆ, ಎರಡು ಲೆಕ್ಕ

ಮಧ್ಯಪ್ರದೇಶದ ಸಾಲ್ ಕಾಡಿಗೆ ದುಂಬಿಯ ಕಾಟ, ಕೇರಳದ ನಿಲಂಬೂರಿನ ತೇಗದ ನೆಡುತೋಪಿಗೆ ಪತಂಗದ್ದು. ಎರಡೂ ತಲೆಯೆತ್ತುವುದು ಮಳೆಯೊಂದಿಗೆ. ದುಂಬಿ ಮರವನ್ನೇ ಕೊಲ್ಲುತ್ತದೆ, ಪತಂಗದ ಹುಳು ಬರೀ ಬೋಳಿಸುತ್ತದೆ. ಆದರೂ ಲೆಕ್ಕಕ್ಕೆ ಸಿಗದೆ ಜಾರಿಕೊಳ್ಳುವುದು ಪತಂಗದ ನಷ್ಟವೇ.

ಸಾಲ್ ಕೊರಕ ದುಂಬಿಗೆ (ಹಾಪ್ಲೊಸೆರಾಂಬಿಕ್ಸ್ ಸ್ಪಿನಿಕಾರ್ನಿಸ್) ವರ್ಷಕ್ಕೊಂದೇ ಪೀಳಿಗೆ. ಮುಂಗಾರಿನ ಮೊದಲ ಮಳೆಗೆ ಕಾಂಡದಿಂದ ಹೊರಬಂದ ಹೆಣ್ಣು ದುಂಬಿ ತೊಗಟೆಯ ಸೀಳುಗಳಲ್ಲಿ ಮೊಟ್ಟೆಯಿಡುತ್ತದೆ. ಕಸುವಿರುವ ಮರ ರಾಳ ಸುರಿಸಿ ಮರಿಹುಳುಗಳನ್ನು ಮುಳುಗಿಸಿಬಿಡುತ್ತದೆ. ಹುಳುಗಳು ಮಿತಿಮೀರಿದಾಗ ಮಾತ್ರ ರಾಳ ಸೋಲುತ್ತದೆ. ಹುಳು ಚೇಗಿನವರೆಗೂ ಕೊರೆಯುತ್ತ ಹೋಗಿ, ಒಳಗೊಂದು ಕೋಣೆ ಮಾಡಿ, ಸುಣ್ಣದ ಬಿಳಿ ಮುಚ್ಚಳ ಹಾಕಿಕೊಂಡು ಕೋಶವಾಗುತ್ತದೆ. ಮರದ ಬುಡದಲ್ಲಿ ಹೊಟ್ಟಿನ ಗುಡ್ಡೆ ಬೀಳುತ್ತದೆ. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಹೀಗೆ ಬಾಧೆಗೊಳಗಾದ ಮರಗಳು ಲಕ್ಷಗಟ್ಟಲೆ.

ಈ ದುಂಬಿಗೆ ಸಾಲ್ ರಸದ ಚಟ. ಸಾಲ್ ದಿಮ್ಮಿಯ ತುದಿ ಜಜ್ಜಿ ಇಟ್ಟರೆ ವಾಸನೆ ಹಿಡಿದು ಬಂದು, ಕುಡಿದು, ಮಂಕಾಗಿ ಬಿದ್ದಿರುತ್ತದೆ. ಆಮೇಲೆ ಕೈಯಲ್ಲೇ ಹೆಕ್ಕಬಹುದು, ಎಣಿಸಬಹುದು.

ತೇಗದ ಎಲೆತಿನ್ನುವ ಪತಂಗ (ಹಿಬ್ಲಿಯಾ ಪ್ಯುಯೆರಾ) ದುಂಬಿಯ ವರ್ಷಕ್ಕೊಂದು ಪೀಳಿಗೆಯ ನಿಧಾನ ಅರಿಯದು. ಮುಂಗಾರುಪೂರ್ವ ಮಳೆಗೆ ತೇಗ ಚಿಗುರುತ್ತಿದ್ದಂತೆ ಅದು ಮೊಟ್ಟೆಯಿಡುತ್ತದೆ. ಸುಮಾರು ಮೂರು ವಾರಕ್ಕೆ ಮುಂದಿನ ಪೀಳಿಗೆ ಸಿದ್ಧ. ಸ್ವಲ್ಪ ಬೆಳೆದ ಹುಳು ಎಲೆಯಂಚನ್ನು ಕತ್ತರಿಸಿ, ಮಡಚಿ, ರೇಷ್ಮೆಯೆಳೆಯಿಂದ ಅಂಟಿಸಿಕೊಂಡು ಒಳಗೆ ಕೂತು ತಿನ್ನುತ್ತದೆ. ಬಲಿತ ಮೇಲೆ ನೂಲು ಹಿಡಿದು ನೆಲಕ್ಕಿಳಿದು ತರಗೆಲೆಯಡಿ ಕೋಶವಾಗುತ್ತದೆ.

ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹಾಗಾದರೆ ನಷ್ಟವೆಲ್ಲಿ? ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೇಗದಲ್ಲಿ ಇದನ್ನು ಅಳೆದರು. ಹುಳುವಿನಿಂದ ಕಾಪಾಡಿದ ಮರಗಳು ಹೆಕ್ಟೇರಿಗೆ ವರ್ಷಕ್ಕೆ 6.7 ಘನ ಮೀಟರ್ ಬೆಳೆದರೆ, ಹಾಗೇ ಬಿಟ್ಟವು 3.7 ಮಾತ್ರ. ಅಂದರೆ ಬೆಳವಣಿಗೆಯ ಸುಮಾರು ಶೇಕಡಾ 44 ಹುಳುವಿನ ಪಾಲು. ಒಣಗಿ ನಿಂತ ಸಾಲ್ ಎದ್ದು ಕಾಣುತ್ತದೆ. ಬೆಳೆಯದೇ ಹೋದ ಮರಮುಟ್ಟು ಕಾಣಬೇಕಾದರೆ ಪಕ್ಕದಲ್ಲಿ ಹುಳು ಮುಟ್ಟದ ತೇಗವಿರಬೇಕು. ಪತಂಗಕ್ಕೆ ದಿಮ್ಮಿಯ ಬಲೆಯೂ ಇಲ್ಲ. ಅದರ ಹುಳುವನ್ನೇ ಕಾಡುವ ವೈರಸ್ಸನ್ನು ಸಂಶೋಧಕರು ಅಸ್ತ್ರವಾಗಿ ಪರೀಕ್ಷಿಸಿದ್ದಾರೆ.

ಕರ್ನಾಟಕಕ್ಕೆ ಸಾಲ್ ಸಹಜ ಮರವಲ್ಲ, ತೇಗ ಹೌದು. ದಾಂಡೇಲಿಯಂಥ ಕಡೆ ಮಳೆ ಬಿದ್ದ ಮೇಲೂ ಬೋಳಾಗಿ ನಿಂತ ತೇಗವನ್ನು ಇನ್ನೂ ಚಿಗುರದ ಮರವೆಂದುಕೊಳ್ಳುವುದು ಸುಲಭ. ಕತ್ತೆತ್ತಿ ನೋಡಬೇಕು: ರೆಂಬೆಯ ತುದಿಯಲ್ಲಿ ಎಲೆಯ ನಡುನರಗಳಷ್ಟೇ ನೇತಾಡುತ್ತಿದ್ದರೆ ಹುಳು ಬಂದುಹೋಗಿದೆ.