ನಿಂಬೆರಸ ಹಿಂಡಿದರೆ ಚಿಪ್ಪುಮೀನಿನ ಬ್ಯಾಕ್ಟೀರಿಯಾ ಸಾಯುತ್ತದೆಯೇ?

ನಂಬಿಕೆ: ಜೀವಂತ, ತಾಜಾ ಚಿಪ್ಪುಮೀನಿನಲ್ಲಿ ರೋಗಾಣು ಇರುವುದಿಲ್ಲ. ಇದ್ದರೂ ನಿಂಬೆರಸ ಹಿಂಡಿದರೆ ಸಾಯುತ್ತದೆ.

ವಾಸ್ತವ: ಎರಡೂ ತಪ್ಪು.

ಏಕೆ? ಮರುವಾಯಿ, ನೀಲಿಕಲ್ಲು, ಸಿಂಪಿಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಆ ನೀರಿನ ವಿಬ್ರಿಯೋ ಬ್ಯಾಕ್ಟೀರಿಯಾಗಳೂ ದೇಹ ಸೇರುತ್ತವೆ. ನೀರು ಬೆಚ್ಚಗಿದ್ದಾಗ ಇವು ಹೆಚ್ಚು.

ಅವಕ್ಕೆ ರೋಗನಿರೋಧಕ ಶಕ್ತಿ ಇಲ್ಲವೇ? ಇದೆ. ನಮ್ಮಂತೆ ಪ್ರತಿಕಾಯಗಳಿಲ್ಲ, ಅಷ್ಟೇ. ರಕ್ತದಂಥ ದ್ರವದಲ್ಲಿರುವ ಹೀಮೋಸೈಟ್ ಕೋಶಗಳು ಬ್ಯಾಕ್ಟೀರಿಯಾವನ್ನು ನುಂಗುತ್ತವೆ. 1987ರಲ್ಲಿ ಫ್ರಾನ್ಸಿನ ಬ್ರಿಟನಿಯಲ್ಲಿ ಸಾಕಿದ ಕಪ್ಪೆಚಿಪ್ಪುಗಳು ಸಾಮೂಹಿಕವಾಗಿ ಸತ್ತವು. ಚಿಪ್ಪಿನೊಳಗೆ ಕಂದು ಉಂಗುರ ಕಾಣಿಸಿಕೊಂಡಿತ್ತು. ಕಾರಣ, ನಂತರ ವಿಬ್ರಿಯೋ ಟೇಪೆಟಿಸ್ ಎಂದು ಹೆಸರಿಸಲಾದ ಬ್ಯಾಕ್ಟೀರಿಯಾ. ಚೇತರಿಸಿಕೊಳ್ಳುವ ಕಪ್ಪೆಚಿಪ್ಪು ಆ ಉಂಗುರದ ಮೇಲೆ ಹೊಸ ಪದರ ಕಟ್ಟಿ ಮುಚ್ಚುತ್ತದೆ.

ಆದರೆ ಈ ರಕ್ಷಣೆ ಅವುಗಳಿಗೆ, ನಮಗಲ್ಲ. ಮನುಷ್ಯರಿಗೆ ಅಪಾಯಕಾರಿಯಾದ ವಿಬ್ರಿಯೋ ವಲ್ನಿಫಿಕಸ್ ಒಳಗಿದ್ದರೂ ಸಿಂಪಿಯ ಬಣ್ಣ, ವಾಸನೆ, ರುಚಿ ಬದಲಾಗುವುದಿಲ್ಲ. ಈ ಸೋಂಕು ತಗಲಿದ ಐವರಲ್ಲಿ ಸುಮಾರು ಒಬ್ಬರು ಸಾಯುತ್ತಾರೆ ಎನ್ನುತ್ತದೆ ಅಮೆರಿಕದ ಸಿಡಿಸಿ. ಲಿವರ್ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದೂ ಇದನ್ನು ಕೊಲ್ಲುವುದಿಲ್ಲ.

ಏನು ಮಾಡಬೇಕು? ಬೇಯಿಸುವ ಮೊದಲೇ ಬಾಯಿ ತೆರೆದು ಸತ್ತಿರುವುದನ್ನು ಎಸೆಯಿರಿ. ಕುದಿಯುವ ನೀರಿನಲ್ಲಿ ಚಿಪ್ಪು ತೆರೆದುಕೊಂಡ ಮೇಲೂ 3ರಿಂದ 5 ನಿಮಿಷ ಬೇಯಿಸಿ. ಬೆಂದರೂ ತೆರೆಯದ ಚಿಪ್ಪನ್ನು ತಿನ್ನಬೇಡಿ. ಹಸಿ ಚಿಪ್ಪು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ನಮ್ಮ ತೀರ್ಮಾನ: ನಿಂಬೆರಸ ರುಚಿಗೆ ಸರಿ, ರಕ್ಷಣೆಗೆ ಬೆಂಕಿಯೇ ಬೇಕು. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.